ಕಾರ್ಡು ಸತ್ತಿರಲಿಲ್ಲ

ಈ ಜೂನಿನ ಒಂದು ಬೆಳಿಗ್ಗೆ, ಗಲ್ಫಿನ ಈ ನಗರದ ಅಲ್ ಮನ್ಸೂರಾ ಬಡಾವಣೆಯ ನಮ್ಮ ಟೈಪಿಂಗ್ ಸೆಂಟರಿನ ಗಾಜಿನ ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಒಳಗೆ ಬಂದಳು. ಹೊರಗೆ ಶಮಾಲ್ ಗಾಳಿ ಎದ್ದಿತ್ತು. ಅವಳ ಹಿಂದೆಯೇ ಒಂದು ಹಿಡಿ ಮರಳೂ ಒಳಗೆ ಬಂತು. ನಮ್ಮದು ಸರ್ಕಾರಿ ಅರ್ಜಿಗಳನ್ನು ಅರಬ್ಬಿಯಲ್ಲಿ ತುಂಬಿಕೊಡುವ ಅಂಗಡಿ. ಅವಳಿಗೆ ಫ್ಯಾಮಿಲಿ ವೀಸಾ ರದ್ದು ಮಾಡಿಸುವ ಅರ್ಜಿ ಬೇಕಿತ್ತು. ಗಂಡನ ಕೆಲಸ ಹೋಗಿದೆ ಎಂದಳು. ಬಲಗೈಯನ್ನು ದುಪಟ್ಟಾದಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದಳು.

ಅವಳು ಮೇಜಿನ ಹತ್ತಿರ ಬಂದಾಗ ವಾಸನೆ ಬಂತು. ನೀಲಗಿರಿ, ಕರ್ಪೂರ, ಅದರಡಿಯಲ್ಲಿ ಅರಿಶಿನ. ಮುರಿದ ಮೂಳೆಯನ್ನು ಆಸ್ಪತ್ರೆಗೆ ಒಯ್ಯದೆ ಮನೆಯಲ್ಲೇ ಇಟ್ಟುಕೊಂಡವರ ವಾಸನೆ ಅದು. ಆರು ಬೇಸಿಗೆಗಳ ಹಿಂದೆ ನನ್ನ ಮೈಗೂ ಅದೇ ವಾಸನೆ ಇತ್ತು.

ಆಗ ನಾವು ಬಿನ್ ಮಹಮೂದ್‌ನ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿದ್ದೆವು. ಮಾಲೀಕ ಒಂದು ಫ್ಲ್ಯಾಟನ್ನು ನಡುವೆ ಜಿಪ್ಸಮ್ ಹಲಗೆ ನಿಲ್ಲಿಸಿ ಎರಡು ಮಾಡಿದ್ದ. ಆ ಕಡೆ ಉಪ್ಪಿನಂಗಡಿಯ ಮೈಮೂನ, ಅವಳ ಗಂಡ ಅಶ್ರಫ್, ಅವರ ಸಣ್ಣ ಮಗ. ಈ ಕಡೆ ನಾನು, ನನ್ನ ಗಂಡ ವಲೇರಿಯನ್, ಎಂಟು ವರ್ಷದ ಮಗಳು ರಿಯಾ. ಆ ಗೋಡೆಗೆ ಒಂದು ಇಂಚು ದಪ್ಪವೂ ಇರಲಿಲ್ಲ. ಆ ಕಡೆ ಸೀನಿದರೆ ಈ ಕಡೆ ದೇವರ ಹೆಸರು ಹೇಳಬಹುದಿತ್ತು.

ವಲೇರಿಯನ್ ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಸೈಟಿನಲ್ಲಿ ಯಾರ ಬೆರಳು ಹೋಯಿತು, ಯಾರು ಎಷ್ಟು ಎತ್ತರದಿಂದ ಬಿದ್ದರು ಎಂದು ವರದಿ ಬರೆಯುವುದು ಅವನ ಕೆಲಸ. ಹಸಿರು ಶಾಯಿಯ ಪೆನ್ನಿನಲ್ಲೇ ಬರೆಯುತ್ತಿದ್ದ. ಕಪ್ಪು ಶಾಯಿ ಎಲ್ಲರದ್ದೂ ಇರುತ್ತದೆ, ಹಸಿರು ಕಂಡರೆ ನನ್ನದು ಅಂತ ಗೊತ್ತಾಗಬೇಕು ಎನ್ನುತ್ತಿದ್ದ. ಮದುವೆಗೆ ಮೊದಲು ನಾನು ಮಂಗಳೂರಿನ ಒಂದು ಪತ್ರಿಕೆಗೆ ಒಂಬತ್ತು ವರ್ಷ ಕೋರ್ಟಿನ ವರದಿ ಮಾಡಿದ್ದೆ. ನಮ್ಮ ಸುದ್ದಿ ಸಂಪಾದಕರು ಕಾಪಿಯ ಮೇಲಿಂದ ತಲೆ ಎತ್ತದೆ ಎರಡೇ ಪ್ರಶ್ನೆ ಕೇಳುತ್ತಿದ್ದರು. ಯಾರು ಹೇಳಿದ್ದು? ಕಾಗದ ಎಲ್ಲಿದೆ? ಎರಡಕ್ಕೂ ಉತ್ತರವಿಲ್ಲದ ವಾಕ್ಯ ಪುಟಕ್ಕೆ ಹೋಗುತ್ತಿರಲಿಲ್ಲ. ಒಂಬತ್ತು ವರ್ಷ ಪಾಲಿಸಿದ ಈ ನಿಯಮವನ್ನು ಆ ಬೇಸಿಗೆ ನಾನು ನನ್ನ ಮನೆಯಲ್ಲಿ ಮರೆತೆ.

ಜೂನ್ ಮೊದಲ ವಾರದ ಒಂದು ಭಾನುವಾರ, ಇಲ್ಲಿ ವಾರದ ಮೊದಲ ಕೆಲಸದ ದಿನ, ಅವನು ಹನ್ನೊಂದು ಗಂಟೆಗೇ ಮನೆಗೆ ಬಂದ. ಹೆಲ್ಮೆಟ್ ಕೈಯಲ್ಲಿತ್ತು, ಕಂಕುಳಲ್ಲಿ ಒಂದು ಫೈಲು. ಮನೆಯಲ್ಲಿ ನಾವು ಕೊಂಕಣಿ ಆಡುತ್ತಿದ್ದೆವು. ಅವನ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ರಿಡಂಡೆಂಟ್ ಅಂತೆ. ಹದಿನಾಲ್ಕು ವರ್ಷ ಆದ ಮೇಲೆ ನಾನು ಹೆಚ್ಚಾದೆ ಅವರಿಗೆ."

ನಾನು ನೀರು ಕೊಟ್ಟೆ. ಅವನು ಕುಡಿಯಲಿಲ್ಲ.

"ಎಲ್ಲ ಖಲಾಸ್, ಗ್ಲಾಡಿಸ್. ಮನೆ ಖಲಾಸ್. ರಿಯಾಳ ಸ್ಕೂಲ್ ಖಲಾಸ್. ಟಿಕೆಟ್ ಮಾಫಿ, ಅದೂ ಇಲ್ಲ. ಮೆಡಿಕಲ್ ಕಾರ್ಡ್ ಇವತ್ತಿಂದ್ಲೇ ಡೆಡ್."

"ಕಾಗದದಲ್ಲಿ ಹಾಗೆ ಉಂಟಾ?" ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಕೆಲಸ ಹೋದವನ ಮುಖ ನೋಡಿ ಕಾಗದ ಕೇಳುವುದು ಕ್ರೌರ್ಯ ಅನ್ನಿಸಿತು. ಗಲ್ಫಿನಲ್ಲಿ ಎಲ್ಲರೂ ಹೇಳುವುದೂ ಅದನ್ನೇ. ಗಂಡನ ಕೆಲಸ ಹೋದರೆ ಹೆಂಡತಿ ಮಕ್ಕಳ ಎಲ್ಲವೂ ಆ ಕ್ಷಣಕ್ಕೇ ಹೋಗುತ್ತದೆ, ಲೈಟಿನ ಸ್ವಿಚ್ ಹಾಗೆ. ನಾನೂ ಇದನ್ನು ಹತ್ತು ಜನರಿಗೆ ಹೇಳಿದ್ದೆ. ಯಾರಿಂದ ಕೇಳಿ ಹೇಳಿದ್ದೆ ಎಂದು ನನಗೇ ಗೊತ್ತಿರಲಿಲ್ಲ.

ಅವನು ಫೈಲನ್ನು ಮಲಗುವ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದ. ನಮ್ಮ ಮೂವರ ಪಾಸ್‌ಪೋರ್ಟೂ ಅಲ್ಲೇ ಇದ್ದವು. ನಮ್ಮವರಲ್ಲಿ ಪಾಸ್‌ಪೋರ್ಟು ಗಂಡನ ಕಪಾಟಿನಲ್ಲಿರುವುದು ರೂಢಿ. ಅದನ್ನು ರೂಢಿ ಎಂದು ಯಾರೂ ಗಮನಿಸುವುದೂ ಇಲ್ಲ.

ಮುಂದಿನದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಅವನ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ನನ್ನಲ್ಲಿ ಆಧಾರವಿಲ್ಲ. ಮೊದಲು ಅವನು ಹೀಗಿರಲಿಲ್ಲ ಎಂದು ಬರೆದರೆ ಅದೂ ಪೂರ್ತಿ ನಿಜವಲ್ಲ. ಮೊದಲು ಬೈಯುತ್ತಿದ್ದ, ವಸ್ತು ಎಸೆಯುತ್ತಿದ್ದ. ಎಸೆದದ್ದು ನನಗೆ ತಾಗುತ್ತಿರಲಿಲ್ಲ, ಅಷ್ಟೇ.

ಮೂರನೆಯ ದಿನ ಮಲಗುವ ಕೋಣೆಯ ಜಿಪ್ಸಮ್ ಗೋಡೆಗೆ ಗುದ್ದಿದ. ಯಾರೋ ಅವನ ಫೋನ್ ಎತ್ತಲಿಲ್ಲ, ಕಾರಣ ಅಷ್ಟೇ. ಕೈ ಮೊಣಕೈವರೆಗೆ ಒಳಗೆ ಹೋಗಿ ಆ ಕಡೆ ಹೊರಬಂತು. ಆ ಕಡೆ ಮೈಮೂನ ಬಟ್ಟೆ ಮಡಚುತ್ತಿದ್ದಳು. ಅವಳು ಕೂಗಲಿಲ್ಲ. ಅವನು ಕೈ ಎಳೆದುಕೊಂಡು ಹೊರಗೆ ಹೋದ ಮೇಲೆ ತೂತಿನಲ್ಲಿ ಅವಳ ಒಂದು ಕಣ್ಣು ಕಾಣಿಸಿತು.

"ಗ್ಲಾಡಿಸಕ್ಕ, ಬದುಕಿದ್ದೀರಾ?"

"ಇದ್ದೇನೆ."

"ಹಾಗಾದ್ರೆ ಸರಿ. ನಾಳೆಯಿಂದ ನಿಮ್ಮ ಬಂಗುಡೆ ಸಾರಿನ ವಾಸನೆ ಡೈರೆಕ್ಟ್ ಬರ್ತದೆ ನಮಗೆ. ಉಪ್ಪು ಕಮ್ಮಿ ಆದ್ರೆ ಇಲ್ಲಿಂದಲೇ ಹೇಳ್ತೇನೆ."

ಅವಳು ತನ್ನ ಕಡೆಯಿಂದ ಯಾವುದೋ ಮನಿ ಎಕ್ಸ್‌ಚೇಂಜಿನ ಕ್ಯಾಲೆಂಡರು ತೂಗುಹಾಕಿದಳು. ವಾಚ್‌ಮನ್ ನೋಡಬಾರದೆಂದು ವಲೇರಿಯನ್ ಮರುದಿನ ಕಪಾಟನ್ನು ಎಳೆದು ತೂತಿಗೆ ಅಡ್ಡ ನಿಲ್ಲಿಸಿದ.

ಐದನೆಯ ದಿನ ಕೆನ್ನೆಗೆ ಹೊಡೆದ. ರಿಯಾಳ ಟಿ.ಸಿ. ಬೇಕಾಗಬಹುದು ಎಂದು ನಾನು ಸ್ಕೂಲಿನಲ್ಲಿ ಹೇಳಿ ಬಂದಿದ್ದೆ, ಊರಿಗೆಲ್ಲ ಸಾರಿದೆ ಎಂಬ ಆರೋಪ. ಎಂಟನೆಯ ದಿನ ಗಂಜಿಯ ಪಾತ್ರೆಯನ್ನು ಒದ್ದ. ಬಿಸಿ ತಿಳಿ ನನ್ನ ಎಡಗಾಲಿನ ಮೇಲೆ ಬಿತ್ತು. ಚರ್ಮ ಕಾಲುಚೀಲದ ಹಾಗೆ ಸುರುಳಿಯಾಗಿ ಬಂತು. ಒಂಬತ್ತನೆಯ ದಿನ ರಿಯಾಳ ಟ್ಯಾಬನ್ನು ಸಿಂಕಿನ ಅಂಚಿಗೆ ಬಡಿದು ಎರಡು ಮಾಡಿದ. ಅವಳು ಅಳಲಿಲ್ಲ. ಚೂರುಗಳನ್ನು ಆರಿಸಿ ಪೆನ್ಸಿಲ್ ಬಾಕ್ಸಿಗೆ ಹಾಕಿಕೊಂಡಳು. ಅವಳು ಅಳದೇ ಇದ್ದದ್ದು ನನ್ನನ್ನು ಹೆದರಿಸಿತು.

ಹೊರಗೆ ಆ ಜೂನಿನ ಶಮಾಲ್ ಗಾಳಿ ನಿಂತಿರಲಿಲ್ಲ. ಎದುರಿನ ಕಟ್ಟಡದ ತಗಡಿನ ಬೇಲಿ ಕಿತ್ತುಬಂದು, ರಸ್ತೆಬದಿ ನಿಲ್ಲಿಸಿದ್ದ ಕಾರಿನ ಗಾಜು ಒಡೆದಿತ್ತು. ನಡುಹಗಲಿನಲ್ಲಿ ಆಕಾಶ ಹಳೆಯ ಕಾಗದದ ಬಣ್ಣಕ್ಕೆ ತಿರುಗುತ್ತಿತ್ತು. ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕಿದರೂ ಅನ್ನದಲ್ಲಿ ಮರಳು ಸಿಗುತ್ತಿತ್ತು.

ಆ ಶುಕ್ರವಾರ ಬೆಳಿಗ್ಗೆ ರಿಯಾ ಕ್ಯಾಟೆಕಿಸಂ ಕ್ಲಾಸಿಗೆ ಹೋಗಿದ್ದಳು. ಇಲ್ಲಿ ಚರ್ಚಿನ ದೊಡ್ಡ ದಿನ ಶುಕ್ರವಾರವೇ. ವಲೇರಿಯನ್ ಸ್ನಾನಕ್ಕೆ ಹೋದಾಗ ಕಪಾಟಿನ ಬೀಗದ ಕೈ ಬಾಗಿಲಲ್ಲೇ ನೇತಾಡುತ್ತಿತ್ತು. ಹನ್ನೆರಡು ದಿನ ತಡವಾಗಿ ನನಗೆ ಕಾಗದ ನೋಡಬೇಕೆನ್ನಿಸಿತು. ನಡುವಿನ ಖಾನೆಯಲ್ಲಿ ಫೈಲಿತ್ತು. ಬಲಗೈ ಒಳಗೆ ಹಾಕಿ ಅದನ್ನು ಹಿಡಿದಿದ್ದೆ, ಅಷ್ಟರಲ್ಲಿ ಅವನು ಹಿಂದೆ ಬಂದು ನಿಂತಿದ್ದ.

ಕಪಾಟಿನ ಬಾಗಿಲನ್ನು ನನ್ನ ಕೈಯ ಮೇಲೆ ಎರಡು ಸಲ ಬಡಿದ. ಮೊದಲ ಸಲ ಆದದ್ದು ನೋವು. ಎರಡನೆಯ ಸಲ ಹೆಗಲು ಕೊಟ್ಟು ಬಡಿದ, ಆಗ ಆದದ್ದು ಸದ್ದು. ಒಣ ನುಗ್ಗೆಕಾಯಿ ಮುರಿದ ಹಾಗೆ, ಅದಕ್ಕಿಂತ ಸ್ವಲ್ಪ ಮಂದ. ನಾನು ಕೆಳಗೆ ಕೂತೆ. ಮಣಿಕಟ್ಟು ಇರಬೇಕಾದ ಜಾಗದಲ್ಲಿ ಒಂದು ಮೆಟ್ಟಿಲು ಮೂಡಿತ್ತು.

ಆಮೇಲೆ ಅವನು ಮಾಡಿದ್ದನ್ನೂ ಬರೆಯಬೇಕು. ಅಡುಗೆಮನೆಗೆ ಹೋಗಿ ಮರದ ಸೌಟು ತಂದ. ರಿಯಾಳ ಬ್ಯಾಗಿನಿಂದ ಅಡಿಕೋಲು ತಂದ. ನನ್ನ ಕೈಯ ಎರಡೂ ಬದಿಗೆ ಅವನ್ನು ಇಟ್ಟು, ದುಪಟ್ಟಾ ಹರಿದು, ಎಷ್ಟು ಬೇಕೋ ಅಷ್ಟೇ ಬಿಗಿಯಾಗಿ ಕಟ್ಟಿದ. ಸೈಟಿನಲ್ಲಿ ನೂರಾರು ಜನರಿಗೆ ಪ್ರಥಮ ಚಿಕಿತ್ಸೆ ಕಲಿಸಿದವನು ಅವನು.

"ಬೆರಳು ಅಲ್ಲಾಡಿಸು. ಹಾಂ. ಮರಗಟ್ಟಿದ ಹಾಗೆ ಆಗ್ತದಾ? ಇಲ್ಲ ಅಲ್ವಾ? ಗುಡ್."

"ಆಸ್ಪತ್ರೆಗೆ ಹೋಗ್ಬೇಕು," ಎಂದೆ.

"ಯಾವ ಕಾರ್ಡಲ್ಲಿ? ಹೇಳಿದ್ದೇನಲ್ಲ, ಡೆಡ್ ಅಂತ." ಗಂಟು ಬಿಗಿದ. "ಮತ್ತೆ ಅವರು ಕೇಳ್ತಾರೆ. ಪೊಲೀಸ್ ಕೇಸ್ ಆದ್ರೆ ನಾನಿಲ್ಲೇ ಲಾಕ್. ನನ್ನ ವೀಸಾದಲ್ಲಿ ನೀವು. ಯೋಚನೆ ಮಾಡು."

ರಿಯಾ ಬಂದಾಗ ಮಮ್ಮಿ ಬಾತ್‌ರೂಮಲ್ಲಿ ಜಾರಿದಳು ಎಂದು ಹೇಳಿದವನು ಅವನು. ಹೌದೆಂದು ತಲೆ ಆಡಿಸಿದವಳು ನಾನು.

ಹನ್ನೊಂದು ದಿನ ಆ ಕೈಯನ್ನು ಇಟ್ಟುಕೊಂಡೆ. ಅರಿಶಿನ ಹಚ್ಚಿದೆ, ಮುಲಾಮು ಹಚ್ಚಿದೆ. ಎಡಗೈಯಲ್ಲಿ ಅನ್ನ ಬಸಿದೆ, ಎಡಗೈಯಲ್ಲಿ ರಿಯಾಳ ಜಡೆ ಹೆಣೆಯಲು ಹೋಗಿ ಬಿಟ್ಟೆ. ಬೆರಳುಗಳು ಬದನೆಕಾಯಿಯ ಬಣ್ಣಕ್ಕೆ ಬಂದವು, ಆಮೇಲೆ ಹಳದಿಯಾದವು. ಅವನು ದಿನಕ್ಕೆರಡು ಸಲ ಬೆರಳು ಒತ್ತಿ ರಕ್ತ ಓಡುತ್ತಿದೆಯೇ ಎಂದು ನೋಡುತ್ತಿದ್ದ. ಆ ದಿನಗಳಲ್ಲೂ ಎರಡು ಸಲ ಹೊಡೆದ. ಮುರಿದ ಕೈಗೆ ತಾಗದಂತೆ ಹೊಡೆದ.

ಹನ್ನೊಂದನೆಯ ದಿನ ಮಂಗಳವಾರ. ವಲೇರಿಯನ್ ಬೆಳಿಗ್ಗೆಯೇ ಸಿ.ವಿ. ಹಂಚಲು ಹೋಗಿದ್ದ. ಮೈಮೂನಳ ಮಗನಿಗೆ ಜ್ವರ. ಅವಳು ಮಗನನ್ನು ಸೊಂಟಕ್ಕೇರಿಸಿಕೊಂಡು ನನ್ನ ಬಾಗಿಲು ತಟ್ಟಿದಳು.

"ಕೆಳಗಿನ ಕ್ಲಿನಿಕ್‌ಗೆ ಬನ್ನಿ. ಒಬ್ಬಳೇ ಹೋಗ್ಲಿಕ್ಕೆ ಬೇಜಾರು."

"ನಾನು ಎಂತಕ್ಕೆ?"

"ಇವನನ್ನು ಹಿಡ್ಕೊಳ್ಳಿಕ್ಕೆ." ನನ್ನ ಕೈ ನೋಡಿದಳು. "ಹಿಡ್ಕೊಳ್ಳಿಕ್ಕೆ ಆಗುದಿಲ್ಲ ಅಂತ ಗೊತ್ತುಂಟು. ಬನ್ನಿ ಅಷ್ಟೇ. ಯಲ್ಲಾ."

ಕ್ಲಿನಿಕ್ಕಿನಲ್ಲಿ ಮಗನ ಕಾರ್ಡ್ ಕೊಡುವಾಗ ನನ್ನ ಪರ್ಸಿಗೂ ಕೈ ಹಾಕಿದಳು. ನಾನು ತಡೆದೆ. "ಅದು ಡೆಡ್, ಮೈಮೂನ."

"ಯಾರು ಹೇಳಿದ್ದು?"

ನಾನು ಎಡಗೈಯಲ್ಲಿ ಪರ್ಸನ್ನು ಇನ್ನೂ ಬಿಗಿಯಾಗಿ ಹಿಡಿದೆ.

"ಕೊಡಿ ಇಲ್ಲಿ. ಸತ್ತಿದ್ರೆ ಸತ್ತಿದೆ ಹೇಳ್ತಾರೆ. ಕಂಪ್ಯೂಟರ್ ಎಂತ ಕಚ್ಚುದಿಲ್ಲ."

ರಿಸೆಪ್ಷನ್ನಿನ ಮಲಯಾಳಿ ಹುಡುಗಿ ನಂಬರ್ ಒತ್ತಿದಳು. ಪರದೆ ನೋಡಿದಳು. "ಆಕ್ಟಿವ್ ಆಣು, ಚೇಚಿ," ಎಂದಳು, ಕಾರ್ಡು ಚಾಲ್ತಿಯಲ್ಲಿದೆ ಎಂದು.

ಇಷ್ಟು ವರ್ಷ ನಾವು ಸಾಕಿಕೊಂಡು ಬಂದ ನಂಬಿಕೆಯೊಂದು ಅಷ್ಟು ಸಣ್ಣ ಮಾತಿನಲ್ಲಿ ಬಿತ್ತು. ನಾನು ಕೇಳಿದೆ, "ಯಾವ ತಾರೀಖಿನವರೆಗೆ?" ಆ ಬೇಸಿಗೆ ನಾನು ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು. ಜುಲೈ ಮೂವತ್ತೊಂದು ಎಂದಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೂಳೆ ಎರಡಾಗಿ, ಒಂದರ ಮೇಲೊಂದು ಏರಿ, ಹಾಗೆಯೇ ಕೂಡಲು ಶುರುವಾಗಿತ್ತು. ಮೊದಲ ದಿನ ಬಂದಿದ್ದರೆ ಎಳೆದು ಪ್ಲಾಸ್ಟರ್ ಹಾಕಿದರೆ ಸಾಕಿತ್ತು ಎಂದರು. ಈಗ ದೊಡ್ಡ ಆಸ್ಪತ್ರೆಗೆ ಹೋಗಿ, ಬಿಡಿಸಿ, ಪ್ಲೇಟು ಹಾಕಬೇಕು. ಈ ವಾರವೇ ಮಾಡಬೇಕು. ತಡವಾದರೆ ಅಂಗೈ ಮೇಲ್ಮುಖವಾಗಿ ತಿರುಗುವುದಿಲ್ಲ.

"ಹೇಗಾಯಿತು?"

"ಬಾತ್‌ರೂಮಿನಲ್ಲಿ ಬಿದ್ದೆ."

ಅವರು ಪೆನ್ನು ಎತ್ತಿ ನನ್ನ ಮುಖ ನೋಡಿದರು. ಆಮೇಲೆ ಬರೆದರು. 'ಬಿದ್ದುದಾಗಿ ರೋಗಿ ಹೇಳುತ್ತಾರೆ.' ಕೋರ್ಟಿನ ವರದಿಗಳಲ್ಲಿ ನಾನೂ ಇದೇ ವಾಕ್ಯ ಬರೆದವಳು. ನಂಬದೇ ಇರುವುದನ್ನು ಬರೆಯಬೇಕಾದಾಗ ನಾವು ಹಾಗೆ ಬರೆಯುತ್ತೇವೆ. ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕುವುದು ಪದ್ಧತಿ. ನನ್ನದು ಆರು ವರ್ಷ ತಡವಾಗಿದೆ. ನಾನು ಬೀಳಲಿಲ್ಲ.

ಮೆಟ್ಟಿಲು ಹತ್ತುವ ಮೊದಲು, ವಲೇರಿಯನ್ನನಿಗೆ ಗೊತ್ತಾಗಬಾರದೆಂದು, ಮೈಮೂನ ಅದೇ ಅಡಿಕೋಲಿನ ಕಟ್ಟನ್ನು ಮತ್ತೆ ಕಟ್ಟಿದಳು. ನಾನು ಹೇಳಿದೆ, "ಕಾರ್ಡು ಸುಳ್ಳಾದ್ರೆ ಬಾಕಿ ಎಲ್ಲವೂ ಸುಳ್ಳಿರಬಹುದು. ಸ್ಕೂಲು. ಟಿಕೆಟು."

"ಅಶ್ರಫ್ ನಾಳೆ ಬರ್ವಾ ಅಲ್ ಬರಾಹಾ ಕಡೆ ಡೆಲಿವರಿಗೆ ಹೋಗ್ತಾರೆ. ನಿಮ್ಮವರ ಆಫೀಸು ಅಲ್ಲೇ ಅಲ್ವಾ? ವ್ಯಾನಲ್ಲಿ ಕೂತ್ಕೊಳ್ಳಿ. ನೀರಿನ ಬಾಟ್ಲಿಗಳ ಮಧ್ಯ ಜಾಗ ಉಂಟು."

ಬುಧವಾರ ಬೆಳಿಗ್ಗೆ ನೀರಿನ ಕ್ಯಾನುಗಳ ನಡುವೆ ಕೂತು ಆ ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತರೊಬ್ಬರು ನಮ್ಮ ಊರ ಕಡೆಯವರು. ಅವರ ಹೆಸರು ಬರೆಯುವುದಿಲ್ಲ. ಅವರು ಇನ್ನೂ ಅದೇ ಮೇಜಿನಲ್ಲಿದ್ದಾರೆ.

"ಫೈಲ್ ತೋರಿಸ್ಲಿಕ್ಕೆ ಪರ್ಮಿಷನ್ ಇಲ್ಲ ಮೇಡಂ," ಎಂದರು. ನನ್ನ ಕೈಯ ಕಟ್ಟನ್ನು ನೋಡಿದರು, ಅಡಿಕೋಲಿನ ಮೇಲಿದ್ದ ಇಂಚಿನ ಗುರುತುಗಳನ್ನು ನೋಡಿದರು. "ಆದ್ರೆ ಡಿಪೆಂಡೆಂಟ್ಸ್ ಪುಟ ಉಂಟಲ್ಲ, ಅದು ನಿಮ್ಮದೇ. ಅದು ನೋಡ್ಲಿಕ್ಕೆ ಯಾರ ಪರ್ಮಿಷನ್ನೂ ಬೇಡ."

ಒಂದೇ ಪುಟ. ನಿಂತೇ ಓದಿದೆ. ನೋಟಿಸ್ ಅವಧಿ ಮುಗಿಯುವ ತಿಂಗಳ ಕೊನೆಯವರೆಗೆ ಹೆಂಡತಿ ಮಕ್ಕಳ ಆರೋಗ್ಯ ಕಾರ್ಡು ಚಾಲ್ತಿಯಲ್ಲಿರುತ್ತದೆ. ನಡೆಯುತ್ತಿರುವ ಟರ್ಮಿನ ಸ್ಕೂಲ್ ಫೀ ಕಂಪನಿಯದ್ದು. ಮನೆ ಅದೇ ತಾರೀಖಿನವರೆಗೆ. ಹೆಂಡತಿ ಮತ್ತು ಮಗುವಿಗೆ ಊರಿಗೆ ಒಂದೊಂದು ಟಿಕೆಟು, ನೌಕರ ಜೊತೆಗೆ ಹೋಗಲಿ, ಬಿಡಲಿ.

ಪುಟದ ಕೆಳಗೆ ವಲೇರಿಯನ್ನನ ಸಹಿ. ಓದದೆ ಸಹಿ ಹಾಕಿರಬಹುದು ಎಂದು ಯೋಚಿಸಿದೆ. ಅವಮಾನದಲ್ಲಿದ್ದ ಮನುಷ್ಯ, ಹಾಗೆ ಮಾಡುವುದು ಸಾಧ್ಯ. ಆ ಸಾಧ್ಯತೆಯನ್ನೂ ಬರೆದುಕೊಳ್ಳುವುದು ನ್ಯಾಯ. ಆದರೆ ಆರೋಗ್ಯ ಕಾರ್ಡಿನ ಸಾಲಿನಲ್ಲಿ ಜುಲೈ ಮೂವತ್ತೊಂದು ಎಂಬ ತಾರೀಖಿನ ಸುತ್ತ ಒಂದು ವೃತ್ತವಿತ್ತು. ಹಸಿರು ಶಾಯಿಯದ್ದು.

ಅವನಿಗೆ ಗೊತ್ತಿತ್ತು. ಸೌಟು ಹುಡುಕುವಾಗ ಗೊತ್ತಿತ್ತು. ಬೆರಳು ಅಲ್ಲಾಡಿಸು ಎನ್ನುವಾಗ ಗೊತ್ತಿತ್ತು.

"ಟಿಕೆಟ್ ತೆಗೆಯಿರಿ," ಎಂದೆ. "ನಾನು, ಮಗಳು."

"ಭಾನುವಾರ ಮಧ್ಯಾಹ್ನದ ಫ್ಲೈಟಿಗೆ ಸಿಗ್ತದೆ. ಪಾಸ್‌ಪೋರ್ಟ್ ನಂಬರ್ ಫೈಲಲ್ಲಿ ಉಂಟು, ಟಿಕೆಟ್ ತೆಗಿಲಿಕ್ಕೆ ಅಷ್ಟೇ ಸಾಕು. ಆದ್ರೆ ಹತ್ಲಿಕ್ಕೆ ಪಾಸ್‌ಪೋರ್ಟೇ ಬೇಕು ಮೇಡಂ, ಅದು ನಿಮ್ಮ ಹತ್ರ ಉಂಟಲ್ಲ?"

"ಬರ್ತದೆ," ಎಂದೆ. "ಈ ಕೈಯ ಆಪರೇಷನ್? ಈ ಕಾರ್ಡಲ್ಲಿ?"

ಅವರು ದನಿ ತಗ್ಗಿಸಿದರು. "ಆಗ್ತದೆ. ಆದ್ರೆ ಒಂದು ಹೇಳ್ತೇನೆ. ಟಿಕೆಟ್ ಆದ್ರೆ ಮೆಸೇಜ್ ನಿಮ್ಮ ಫೋನಿಗೆ ಬರುವ ಹಾಗೆ ಮಾಡ್ಬಹುದು. ಆಪರೇಷನ್‌ಗೆ ಇನ್ಶೂರೆನ್ಸ್ ಅಪ್ರೂವಲ್ ಬೇಕು. ಅದರ ಮೆಸೇಜ್ ಹೋಗುದು ನೌಕರನ ಫೋನಿಗೆ. ಅದನ್ನು ತಪ್ಪಿಸ್ಲಿಕ್ಕೆ ನನ್ನ ಕೈಯಲ್ಲಿ ಆಗುದಿಲ್ಲ."

ಕೈ ಅಥವಾ ಟಿಕೆಟು. ಎರಡೂ ನನ್ನ ಹಕ್ಕೇ, ಒಂದೇ ಪುಟದಲ್ಲಿ ಒಂದರ ಕೆಳಗೊಂದು ಅಚ್ಚಾಗಿದ್ದವು. ಮೊದಲ ದಿನ ಆ ಪುಟ ಓದಿದ್ದರೆ ಎರಡೂ ಸಿಗುತ್ತಿದ್ದವು. ಆ ಬುಧವಾರ ಒಂದೇ ಸಿಗುತ್ತಿತ್ತು. ನಾನು ಟಿಕೆಟು ಎಂದೆ. ಯೋಚಿಸಲು ಎಷ್ಟು ಹೊತ್ತು ತೆಗೆದುಕೊಂಡೆ ಎಂದು ನೆನಪಿಲ್ಲ. ಗುಮಾಸ್ತರ ಚಹಾ ಮಾತ್ರ ಆರಿರಲಿಲ್ಲ.

ಪಾಸ್‌ಪೋರ್ಟುಗಳು ಕಪಾಟಿನಲ್ಲಿದ್ದವು. ಬೀಗದ ಕೈ ಈಗ ವಲೇರಿಯನ್ನನ ಕೊರಳಿನ ಸರದಲ್ಲಿತ್ತು, ಶಿಲುಬೆಯ ಪಕ್ಕ. ದಾರಿ ತೋರಿಸಿದವಳು ಮೈಮೂನ.

"ನಿಮ್ಮ ಕಪಾಟಿನ ಬೆನ್ನು ನಮ್ಮ ತೂತಿಗೇ ಅಂಟಿಕೊಂಡುಂಟು ಗ್ಲಾಡಿಸಕ್ಕ. ಕ್ಯಾಲೆಂಡರ್ ತೆಗೆದ್ರೆ ನಂಗೆ ಕಾಣುದೇ ಅದು. ರಟ್ಟಿನ ಹಾಗಿನ ಹಲಗೆ. ಮೀನಿನ ಕತ್ತಿಗೆ ಅದೆಲ್ಲ ಒಂದು ಲೆಕ್ಕವಾ?"

ಗುರುವಾರದಿಂದ ಅವನು ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲ, ಫ್ಲೈಟಿಗೆ ಇನ್ನೊಂದೇ ದಿನ ಉಳಿದಿತ್ತು. ಶನಿವಾರ ಬೆಳಿಗ್ಗೆ ಹತ್ತು ಗಂಟೆ. ವಲೇರಿಯನ್ ಹಾಲಿನಲ್ಲಿ ಟಿ.ವಿ. ನೋಡುತ್ತಿದ್ದ. ರಿಯಾ ಅವನ ಕಾಲ ಬಳಿ ಬಣ್ಣ ಹಚ್ಚುತ್ತಿದ್ದಳು. ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ಮಸಾಲೆಗೆ ಮಿಕ್ಸಿ ಹಾಕಿದೆ. ಎಡಗೈಯಲ್ಲಿ ಮುಚ್ಚಳ ಒತ್ತಿ ಹಿಡಿದೆ. ಆ ಸದ್ದಿನಡಿಯಲ್ಲಿ ಮೈಮೂನ ಹಲಗೆ ಕೊಯ್ಯತೊಡಗಿದಳು. ಮಸಾಲೆ ನುಣ್ಣಗಾಯಿತು, ಬಿಸಿಯಾಯಿತು, ಎಣ್ಣೆ ಬಿಟ್ಟಿತು. ನಾನು ಮಿಕ್ಸಿ ನಿಲ್ಲಿಸಲಿಲ್ಲ.

"ಎಂತ ಕಲ್ಲು ಅರೀತಿದ್ದೀಯಾ?" ಹಾಲಿನಿಂದ ಕೂಗಿದ.

"ಕಾಯಿ ಗಟ್ಟಿ ಉಂಟು."

ಎದ್ದು ಬಂದ. ಮಿಕ್ಸಿಯ ಪ್ಲಗ್ ಕಿತ್ತ. ಜಾರನ್ನು ಎತ್ತಿ ನನ್ನ ತಲೆಯ ಪಕ್ಕದ ಗೋಡೆಗೆ ಎಸೆದ. ಬಿಸಿ ಮಸಾಲೆ ಕಣ್ಣಿಗೆ, ಬಾಯಿಗೆ ಬಿತ್ತು. ಜಾರಿನ ಅಂಚು ಹುಬ್ಬಿಗೆ ತಾಗಿ ಹರಿಯಿತು. ಮನೆ ಪೂರ್ತಿ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಗೋಡೆಯಾಚೆಯಿಂದ ಒಂದು ಸದ್ದು ಬಂತು. ಟಕ್. ಇನ್ನೊಮ್ಮೆ, ಟಕ್.

ಅವನು ಮಲಗುವ ಕೋಣೆಯ ಕಡೆ ತಿರುಗಿದ.

"ಗ್ಲಾಡಿಸಕ್ಕಾ!" ಆ ಕಡೆಯಿಂದ ಮೈಮೂನಳ ದನಿ, ಸಂತೆಯಲ್ಲಿ ಕೂಗಿದ ಹಾಗೆ. "ಈ ಅಂಜಲ್ ಮೀನಿನ ಮೂಳೆ ಎಂತ ಗಟ್ಟಿ ಮಾರಾಯ್ತಿ! ಹಾಳಾದವ ಐಸಲ್ಲಿಟ್ಟ ಹಳೇ ಮೀನು ಕೊಟ್ಟಿದ್ದಾನೆ. ಕೊಯ್ದು ಕೊಯ್ದು ನನ್ನ ಕೈ ಬಿದ್ದು ಹೋಯ್ತು!"

"ಅವಳಿಗೆ ಸ್ವಲ್ಪ ಮೆತ್ತಗೆ ಮಾತಾಡ್ಲಿಕ್ಕೆ ಹೇಳು," ಎಂದು ವಲೇರಿಯನ್ ಹಾಲಿಗೆ ಹೋದ. ಟಿ.ವಿ. ದನಿ ಹೆಚ್ಚಿಸಿದ. ನಾನು ಕೆಳಗೆ ಬಿದ್ದ ಮಸಾಲೆಯನ್ನು ಬಳಿದೆ. ಅದರಲ್ಲಿ ನನ್ನ ರಕ್ತವೂ ಇತ್ತು.

ಸಂಜೆ ಕಸ ಹಾಕಲು ಕೆಳಗಿಳಿದಾಗ ಮೈಮೂನ ಮೆಟ್ಟಿಲಲ್ಲಿ ಒಂದು ಬ್ರೆಡ್ಡಿನ ಕವರ್ ಕೊಟ್ಟಳು. ಒಳಗೆ ಎರಡು ಪಾಸ್‌ಪೋರ್ಟು.

"ಮೂರಿತ್ತು. ನಿಮ್ಮವರದ್ದು ವಾಪಸ್ ಇಟ್ಟೆ. ಫೋಟೊ ನೋಡಿ ಒಂದು ಉಗಿಯುವ ಅಂತ ಆಯ್ತು. ಉಗಿಲಿಲ್ಲ, ಗವರ್ಮೆಂಟ್ ಕಾಗದ ಅಲ್ವಾ." ನನ್ನ ಹುಬ್ಬು ನೋಡಿದಳು. ಆಮೇಲೆ ಅವಳೇ ಮೆಟ್ಟಿಲಲ್ಲಿ ಕೂತು ಅತ್ತಳು. ನಾನು ಕವರನ್ನು ರವಿಕೆಯೊಳಗೆ ತುರುಕಿಕೊಂಡು ನಿಂತಿದ್ದೆ.

ಭಾನುವಾರ ಬೆಳಿಗ್ಗೆ ಅವನು ಸಿ.ವಿ. ಹಂಚಲು ಹೋದ. ಹತ್ತೂವರೆಗೆ ಅಶ್ರಫ್‌ನ ನೀರಿನ ವ್ಯಾನು ಸ್ಕೂಲಿನ ಗೇಟಿನಲ್ಲಿ ನಿಂತಿತ್ತು. ರಿಯಾಳನ್ನು ಕ್ಲಾಸಿನಿಂದ ಕರೆಸಿದೆ. ಯೂನಿಫಾರ್ಮಿನಲ್ಲೇ ಬಂದಳು, ಬೆನ್ನಿಗೆ ಬ್ಯಾಗು. ಬಟ್ಟೆಬರೆ ಏನೂ ತರಲಿಲ್ಲ. ನನ್ನ ಕೈಗೆ ಇನ್ನೂ ಅವಳ ಅಡಿಕೋಲು ಕಟ್ಟಿತ್ತು. ಏರ್‌ಪೋರ್ಟಿನ ದಾರಿಯಲ್ಲಿ ಅವಳು ಕೇಳಿದಳು, "ಮಮ್ಮಿ, ಡ್ಯಾಡಿಗೆ ಗೊತ್ತುಂಟಾ?"

"ಇಲ್ಲ."

ಅವಳು ಪೆನ್ಸಿಲ್ ಬಾಕ್ಸ್ ತೆರೆದು, ಒಡೆದ ಟ್ಯಾಬಿನ ಚೂರುಗಳನ್ನು ಒಂದೊಂದಾಗಿ ತೆಗೆದು ವ್ಯಾನಿನ ಕಿಟಕಿಯಿಂದ ಎಸೆದಳು. ಅಶ್ರಫ್ ಕನ್ನಡಿಯಲ್ಲಿ ನೋಡಿದ.

ಮಂಗಳೂರಿನ ಡಾಕ್ಟರು ಮೂಳೆ ಕೂಡಿಬಿಟ್ಟಿದೆ, ಮತ್ತೆ ಮುರಿದೇ ಸರಿಮಾಡಬೇಕು ಎಂದರು. ಯಾರಾದರೂ ಮತ್ತೆ ಅದನ್ನು ಮುರಿಯುವುದು ನನಗೆ ಬೇಡವಾಗಿತ್ತು. ಮೂರು ವರ್ಷದ ನಂತರ ನನ್ನದೇ ಹೆಸರಿನ ಕೆಲಸದ ವೀಸಾದಲ್ಲಿ ಇಲ್ಲಿಗೆ ಬಂದೆ. ರಿಯಾ ಮೂಡುಬಿದಿರೆಯಲ್ಲಿ ನನ್ನ ತಂಗಿಯ ಮನೆಯಲ್ಲಿದ್ದು ಓದುತ್ತಿದ್ದಾಳೆ. ವಲೇರಿಯನ್ ಬೇರೊಂದು ಗಲ್ಫ್ ದೇಶದಲ್ಲಿದ್ದಾನೆ ಎಂದು ಕೇಳಿದ್ದೇನೆ. ಖಚಿತಪಡಿಸಿಕೊಂಡಿಲ್ಲ, ಆದ್ದರಿಂದ ಯಾವ ದೇಶವೆಂದು ಬರೆಯುವುದಿಲ್ಲ.

ನನ್ನ ಬಲ ಅಂಗೈ ಮೇಲಕ್ಕೆ ತಿರುಗುವುದಿಲ್ಲ. ಟೈಪ್ ಮಾಡಲು ತೊಂದರೆಯಿಲ್ಲ, ಕೀಬೋರ್ಡಿಗೆ ಅಂಗೈ ಕೆಳಗಿದ್ದರೆ ಸಾಕು. ಯಾರಾದರೂ ಏನಾದರೂ ಕೊಟ್ಟರೆ ಎಡಗೈಯಲ್ಲೇ ತೆಗೆದುಕೊಳ್ಳಬೇಕು. ಊರಿನಲ್ಲೂ ಇಲ್ಲೂ ಅದು ಅಮರ್ಯಾದೆ. ಹಾಗಾಗಿ ಪ್ರತಿಯೊಬ್ಬ ಗಿರಾಕಿಗೂ "ಎಡಗೈ, ಬೇಜಾರು ಮಾಡ್ಬೇಡಿ" ಎನ್ನುವುದು ನನಗೆ ಅಭ್ಯಾಸವಾಗಿದೆ.

ಆ ಬೆಳಿಗ್ಗೆ ಆ ಹೆಂಗಸಿಗೆ ಹಾಗೆನ್ನಲಿಲ್ಲ.

"ಆಸ್ಪತ್ರೆಗೆ ಯಾಕೆ ಹೋಗ್ಲಿಲ್ಲ?" ಎಂದೆ.

"ಕಾರ್ಡ್ ಖಲಾಸ್ ಅಲ್ವಾ ಅಕ್ಕ, ಅವರ ಕೆಲಸ ಹೋದ ಮೇಲೆ?"

"ಯಾರು ಹೇಳಿದ್ದು?"

ಅವಳು ನೆಲ ನೋಡಿದಳು. "ಅವರೇ."

ಎಡಗೈ ಚಾಚಿ ಅವಳ ಐ.ಡಿ. ತೆಗೆದುಕೊಂಡೆ. ಪಕ್ಕದ ಕ್ಲಿನಿಕ್ಕಿಗೆ ಫೋನ್ ಮಾಡಿ ನಂಬರ್ ಓದಿದೆ. ಆ ಕಡೆಯವರು ಹೇಳಿದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಅವಳ ಮುಂದಿಟ್ಟೆ. ಇನ್ನೂ ಐದು ವಾರವಿತ್ತು. ಅವಳು ಚೀಟಿಯನ್ನು ಓದಿದಳು, ಮತ್ತೆ ಓದಿದಳು. ನಾನು ನನ್ನ ಬಲಗೈಯನ್ನು ಮೇಜಿನ ಮೇಲೆ ಅವಳ ಕೈಯ ಪಕ್ಕ ಇಟ್ಟು, ಅದನ್ನು ಮಗುಚಲು ನೋಡಿದೆ. ಅರ್ಧಕ್ಕೆ ನಿಂತಿತು. ಅವಳು ಅದನ್ನೇ ನೋಡುತ್ತಿದ್ದಳು.

"ಎಷ್ಟು ದಿನ ಆಯ್ತು?" ಎಂದೆ.

"ನಾಲ್ಕು."

ನಾನು ಎದ್ದು ಅಂಗಡಿಯ ಬೀಗದ ಕೈ ತೆಗೆದುಕೊಂಡೆ. "ಅರ್ಜಿ ಆಮೇಲೆ," ಎಂದೆ. "ನಾಲ್ಕೇ ದಿನ. ಬಾ."